ದರಕಿನಡಿಯ ಉಣುಗು, ದೂರದ ಪ್ರಯೋಗಾಲಯ

1957ರ ಬೇಸಿಗೆಯಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು. ಸುತ್ತಲ ಹಳ್ಳಿಗಳಲ್ಲಿ ಜನ ಜ್ವರ ಬಂದು ಮಲಗಿದರು. ಸುದ್ದಿ ತಿಳಿದು ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಓಡಿ ಬಂದರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನ ಕೂಡಿ 1952ರಲ್ಲಿ ಕಟ್ಟಿದ ಕೇಂದ್ರ ಅದು. ಹಳದಿ ಜ್ವರ ಭಾರತಕ್ಕೂ ಕಾಲಿಟ್ಟಿತೇ ಎಂಬ ಅಂಜಿಕೆ ಅವರದು. ಸಿಕ್ಕಿದ್ದು ಬೇರೆಯದೇ: ರಷ್ಯಾದ ಉಣುಗುಜ್ವರದ ವೈರಸ್ಸಿನ ದಾಯಾದಿ.

ಮಂಗನ ಕಾಯಿಲೆಯ ಈ ಮೊದಲ ಅಧ್ಯಾಯ ಕೂಡು ಸಂಶೋಧನೆಯ ಅತ್ಯುತ್ತಮ ಮಾದರಿ ಎನ್ನಲು ಅಡ್ಡಿಯಿಲ್ಲ. ಕೇಂದ್ರದ ಟೆಲ್‌ಫರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಜತೆ ಟಿ. ರಾಮಚಂದ್ರರಾವ್, ಪಿ.ಕೆ. ರಾಜಗೋಪಾಲನ್ ಕಾಡು ಸುತ್ತಿದರು. ನೆಲದ ಮೇಲೆ ಬಟ್ಟೆ ಎಳೆದು, ಅದಕ್ಕೆ ಅಂಟಿದ, ರೋಗ ಹರಡುವ ಉಣುಗುಗಳನ್ನು ಒಂದೊಂದಾಗಿ ಹೆಕ್ಕಿ ಎಣಿಸುವ ಕೆಲಸ. ಪ್ರಯೋಗಾಲಯದಲ್ಲಿ ಸೋಂಕು ತಗುಲಿ ಮಲಗಿದ ಸಿಬ್ಬಂದಿಯೂ ಕಡಿಮೆಯಿಲ್ಲ.

ಆದರೆ ಪ್ರಶ್ನೆ ಯಾರದು? ರಷ್ಯಾದ ನಂಟು ಕಂಡದ್ದೇ ತಡ, ವಲಸೆ ಹಕ್ಕಿಗಳು ವೈರಸ್ ಹೊತ್ತು ತಂದವೇ ಎಂಬ ಕುತೂಹಲ ಹುಟ್ಟಿತು. ಹಕ್ಕಿಗಳಿಗೆ ಉಂಗುರ ತೊಡಿಸುವ ಪಕ್ಷಿತಜ್ಞ ಸಲೀಂ ಅಲಿಯವರ ಯೋಜನೆಗೆ ವಿಶ್ವ ಆರೋಗ್ಯ ಸಂಸ್ಥೆ ನೆರವಾಯಿತು. ಮುಂದೆ ಅದರಲ್ಲಿ ಅಮೆರಿಕದ ಸೇನೆಯ ಹಣವೂ ಸೇರಿ, 1970ರ ದಶಕದಲ್ಲಿ ಗಲಾಟೆ ಸಂಸತ್ತು ಮುಟ್ಟಿತು. ಎಲ್ಲರೂ ಆಕಾಶ ನೋಡುತ್ತಿದ್ದಾಗ ಉತ್ತರ ಕೊಟ್ಟಿಗೆಯಲ್ಲಿತ್ತು. ಕಾಡಿನ ನಡುವೆ ಗದ್ದೆ ಮಾಡಿದಾಗ ದನ ಮೇಯಲು ಹೋಗುತ್ತವೆ, ಬಲಿತ ಉಣುಗು ಅವುಗಳ ರಕ್ತ ಹೀರಿ ಹೆಚ್ಚುತ್ತದೆ ಎಂದು ಕೊಲಂಬಿಯಾದ ವಿಜ್ಞಾನಿ ಹೋರ್ಹೆ ಬೋಶೆಲ್ 1969ರಲ್ಲೇ ಬರೆದರು. ಅದು ಅರಣ್ಯದ ಕಡತಗಳಿಗೆ ಇಳಿಯಲಿಲ್ಲವೆಂದೇ ಕಾಣುತ್ತದೆ. 1982–83ರಲ್ಲಿ ಬೆಳ್ತಂಗಡಿ ಕಡೆ ಗೇರುತೋಟಕ್ಕೆಂದು ಕಾಡು ಕಡಿದ ಬೆನ್ನಿಗೇ ಸಾವಿರಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು.

ಈಚಿನ ‘ಮಂಕಿ ಫೀವರ್ ರಿಸ್ಕ್’ ಯೋಜನೆ, ಪ್ರಶ್ನೆ ಯಾರದು ಎಂಬ ದೃಷ್ಟಿಯಿಂದ, ಮೇಲು. ಬ್ರಿಟನ್ನಿನ ಪರಿಸರ ವಿಜ್ಞಾನಿಗಳು, ಬೆಂಗಳೂರಿನ ಪರಿಸರ ಸಂಸ್ಥೆ ಏಟ್ರೀ, ಪಶುರೋಗ ಸಂಸ್ಥೆ ನಿವೇದಿ, ಸಾರ್ವಜನಿಕ ಆರೋಗ್ಯ ಸಂಸ್ಥೆ, ಪುಣೆಯ ಎನ್‌ಐವಿ (ಹಿಂದಿನ ವೈರಸ್ ಸಂಶೋಧನಾ ಕೇಂದ್ರ) ಎಲ್ಲ ಸೇರಿದ್ದರು. ಯಾವ ನಕ್ಷೆ ಬೇಕು ಎಂದು ಆರೋಗ್ಯ, ಪಶುವೈದ್ಯ, ಅರಣ್ಯ ಇಲಾಖೆಯವರನ್ನೇ ಮೊದಲು ಕೇಳಿದರು. ದಟ್ಟ ಕಾಡು, ತೋಟ ಬೆರೆತು ದನಗಳೂ ಹೆಚ್ಚಿರುವಲ್ಲಿ ಅಪಾಯ ಜಾಸ್ತಿ ಎಂದು 2020ರಲ್ಲಿ ತೋರಿಸಿಕೊಟ್ಟರು. ಬೋಶೆಲ್ ಮಾತು ಐವತ್ತು ವರ್ಷದ ಮೇಲೆ ನಕ್ಷೆಯಾಯಿತು ಅನ್ನಿ.

ನಕ್ಷೆ ಬಂತು, ಲಸಿಕೆ ಹೋಯಿತು. ಬೆಂಗಳೂರಿನಲ್ಲಿ ತಯಾರಾಗುತ್ತಿದ್ದ ಹಳೆಯ ಲಸಿಕೆಯನ್ನು ಎರಡು ಬಾರಿ ಹಾಕಿಸಿಕೊಂಡರೂ ರಕ್ಷಣೆ ಶೇ. 62ರಷ್ಟು ಮಾತ್ರ ಎಂದು 2005–10ರ ಅಂಕಿಅಂಶ ಹೇಳಿತ್ತು. 2022ರಲ್ಲಿ ಅದರ ಬಳಕೆಯೇ ನಿಂತಿತು. ಐಸಿಎಂಆರ್ ಜತೆಗೂಡಿ ಹೈದರಾಬಾದಿನ ಕಂಪನಿಯೊಂದು ಹೊಸದರ ತಯಾರಿಗೆ ಕೈಹಾಕಿದೆ. ಅಲ್ಲಿಯವರೆಗೆ ಉಣುಗು ಕಚ್ಚದಂತೆ ಮೈಗೆ ಹಚ್ಚಿಕೊಳ್ಳಲು ಎಣ್ಣೆ, ಕಾಡಿಗೆ ಹೋಗಬೇಡಿ ಎಂಬ ಬುದ್ಧಿಮಾತು. ಆದರೆ ಕೊಟ್ಟಿಗೆಗೆ ದರಕು, ಅಂದರೆ ಉದುರಿದ ಒಣ ಎಲೆ, ಗುಡಿಸುವುದು ಮಳೆಗೆ ಮುಂಚಿನ ಒಣ ತಿಂಗಳುಗಳಲ್ಲಿ. ಮರಿ ಉಣುಗುಗಳು ಆ ಎಲೆಯಡಿ ಕಾದು ಕೂರುವುದೂ ಆಗಲೇ. ಸೊಪ್ಪಿನ ಬೆಟ್ಟದಲ್ಲಿ ಬಗ್ಗಿ ಗುಡಿಸುವ ಹೆಂಗಸು ಎಣ್ಣೆ ಹಚ್ಚಿಕೊಂಡೇ ಹೊರಟರೂ, ಬಿಸಿಲೇರುವ ಹೊತ್ತಿಗೆ ಅದು ಬೆವರಿನೊಡನೆ ಇಳಿದಿರುತ್ತದೆ.