ಸೂರು ಕಂಡ ಔತಣ

ಸ್ಟೇಕ್ ಹೌಸಿಗೆ ಅಂಕ ಕೊಡುವವರು ಸಾಮಾನ್ಯವಾಗಿ ಮಾಂಸದ ತುಂಡನ್ನು ನೋಡಿ ಕೊಡುತ್ತಾರೆ. ದನ ಯಾವ ತಳಿಯದು, ಕೊಬ್ಬಿನ ಎಳೆ ಎಷ್ಟು ಹರಡಿದೆ, ಎಷ್ಟು ವಾರ ತಣ್ಣನೆಯ ಕೋಣೆಯಲ್ಲಿ ನೇತುಹಾಕಿ ಹದ ಮಾಡಿದ್ದು ಇತ್ಯಾದಿ. ನ್ಯೂಯಾರ್ಕ್, ಷಿಕಾಗೊಗಳ ದುಬಾರಿ ಹೋಟೆಲುಗಳಿಗೆ ಈ ಅಳತೆ ಸರಿ. ಆದರೆ ಕ್ಯಾಲಿಫೋರ್ನಿಯಾದ ನಡುಕರಾವಳಿಯಲ್ಲಿ, ಸಾಂತಾ ಮರಿಯಾ ಕಣಿವೆಯ ಸಣ್ಣ ಊರುಗಳಲ್ಲಿ ತಲೆಮಾರುಗಳಿಂದ ನಡೆದುಬಂದಿರುವ ಸ್ಟೇಕ್ ಹೌಸುಗಳಿಗೆ ಅದೇ ಅಳತೆ ಹಿಡಿದರೆ ಅರ್ಧ ಮಾತ್ರ ಕಾಣುತ್ತದೆ. ಕ್ಯಾಸ್ಮೇಲಿಯಾದಲ್ಲಿ 1952ರಿಂದ ಒಸ್ಟೀನಿ ಕುಟುಂಬ ನಡೆಸುತ್ತಿರುವ ಹಿಚಿಂಗ್ ಪೋಸ್ಟ್, ನಿಪೊಮೊದ ಜಾಕೋಸ್, ಗ್ವಾಡಲೂಪ್‌ನಲ್ಲಿ 1958ರಲ್ಲಿ ಶುರುವಾಗಿ 2012ರಲ್ಲಿ ಆರ್ಕಟ್‌ಗೆ ಸ್ಥಳಾಂತರಗೊಂಡ ಫಾರ್ ವೆಸ್ಟರ್ನ್ ಟ್ಯಾವರ್ನ್, ಇವೆಲ್ಲ ಬಯಲಿನ ಔತಣಕ್ಕೆ ಸೂರು ಹಾಕಿ, ಬಾಗಿಲಿಟ್ಟು, ಬಿಲ್ಲು ಬರೆಯಲು ಆರಂಭಿಸಿದ ಜಾಗಗಳು. ಔತಣವನ್ನು ಅಳೆಯುವಂತೆಯೇ ಇವನ್ನು ಅಳೆಯಬೇಕು ಎಂಬುದು ನನ್ನ ವಾದ.

ಇದಕ್ಕೆ ಸಾಕ್ಷಿ ಚರಿತ್ರೆಯಲ್ಲಿದೆ. 1848ರವರೆಗೆ ಈ ಪ್ರದೇಶ ಮೆಕ್ಸಿಕೊದ ಭಾಗ. ಸಾವಿರಾರು ಎಕರೆಯ ‘ರಾಂಚೊ’ಗಳಲ್ಲಿ ದನ ಸಾಕುತ್ತಿದ್ದುದು ಮುಖ್ಯವಾಗಿ ಚರ್ಮಕ್ಕೆ ಮತ್ತು ಕೊಬ್ಬಿಗೆ. ಬಾಸ್ಟನ್ನಿನಿಂದ ಬರುತ್ತಿದ್ದ ಹಡಗುಗಳು ಅವೆರಡನ್ನೂ ಕೊಂಡೊಯ್ಯುತ್ತಿದ್ದವು. ಮಾಂಸವನ್ನು ಕೊಳ್ಳುವವರಿರಲಿಲ್ಲ, ಕೆಡದಂತೆ ಸಾಗಿಸುವ ದಾರಿಯೂ ಇರಲಿಲ್ಲ. ಚಿನ್ನದ ಹುಚ್ಚು ಹತ್ತಿ ಜನ ನುಗ್ಗಿ ಬಂದ ಮೇಲಷ್ಟೇ ಅಲ್ಲಿ ಮಾಂಸಕ್ಕೆ ದರ ಬಂದದ್ದು. ಹೀಗೆ ಬೆಲೆಯಿಲ್ಲದೆ ಉಳಿದ ಮಾಂಸವೇ ಔತಣದ ಬಂಡವಾಳ. ಚೆಲ್ಲಾಪಿಲ್ಲಿ ಮೇಯುತ್ತಿದ್ದ ದನಗಳನ್ನು ಒಟ್ಟುಗೂಡಿಸಿ ಕರುಗಳಿಗೆ ಮುದ್ರೆ ಹಾಕುವ ದಿನ ನೆರೆಯವರು, ಕುದುರೆ ಸವಾರರಾದ ‘ವಕೇರೊ’ ದನಗಾಹಿಗಳು ಎಲ್ಲರೂ ಸೇರುತ್ತಿದ್ದರು. ಓಕ್ ಕೆಂಡದ ಮೇಲೆ ಮಾಂಸ ಸುಟ್ಟು ಬಡಿಸುವುದು ಯಜಮಾನನ ಪಾಲಿನ ಕೆಲಸ. ಈ ರೂಢಿ ರಾಂಚೊಗಳ ಕಾಲ ಮುಗಿದ ಮೇಲೂ ನಿಲ್ಲಲಿಲ್ಲ. 1931ರಲ್ಲಿ ಸಾಂತಾ ಮರಿಯಾ ಕ್ಲಬ್ಬು ತಿಂಗಳಿಗೊಮ್ಮೆ ಗಂಡಸರ ಬಾರ್ಬೆಕ್ಯೂ ಕೂಟ ಶುರುಮಾಡಿತು. 1978ರಲ್ಲಿ ಅಲ್ಲಿನ ವಾಣಿಜ್ಯ ಮಂಡಳಿ ಈ ಊಟದ ಪಟ್ಟಿಗೇ ಕಾಪಿರೈಟ್ ಪಡೆಯಿತು. ಆ ಪಟ್ಟಿಯಲ್ಲಿ ಸರ್ಲಾಯಿನ್ ಮಾಂಸದ ಜೊತೆಗೆ ಬೆಣ್ಣೆ ಹಚ್ಚಿ ಕಾಯಿಸಿದ ಬ್ರೆಡ್ಡು, ಹಸಿ ತರಕಾರಿಯ ಸಲಾಡ್, ಸಾಲ್ಸಾ, ಆ ಕಣಿವೆಯಲ್ಲೇ ಬೆಳೆಯುವ ಪಿಂಕಿಟೊ ಎಂಬ ಪುಟ್ಟ ಗುಲಾಬಿ ಕಾಳು ಇವೆ. ಊರಿನವರು ತಮ್ಮದೆಂದು ಹಕ್ಕು ಸಾಧಿಸಿದ್ದು ಇಡೀ ಎಲೆಯ ಮೇಲೆ, ಒಂದು ತುಂಡು ಸ್ಟೇಕಿನ ಮೇಲಲ್ಲ.

ಮಹಾನಗರದ ಸ್ಟೇಕ್ ಹೌಸಿನಲ್ಲಿ ಆಲೂಗಡ್ಡೆಗೆ ಒಂದು ದರ, ಸೊಪ್ಪಿಗೆ ಒಂದು ದರ. ಈ ಕಣಿವೆಯ ಹಳೆಯ ಪದ್ಧತಿಯಲ್ಲಿ ಸ್ಟೇಕ್ ಹೇಳಿದವರಿಗೆ ಉಳಿದದ್ದೆಲ್ಲ ತಾನಾಗಿ ಬರುತ್ತದೆ. ಪಂಕ್ತಿಯಲ್ಲಿ ಕುಳಿತವರಿಗೆ ಕೋಸಂಬರಿ ಬೇಕೇ ಎಂದು ಯಾರೂ ಕೇಳುವುದಿಲ್ಲವಲ್ಲ, ಹಾಗೆ.

ಇನ್ನು ಬೆಂಕಿಯ ವಿಚಾರ. ಊರವರು ಕೆಂಪು ಓಕ್ ಎನ್ನುವ ಮರ ಆ ಕರಾವಳಿಯ ಗುಡ್ಡಗಳಲ್ಲಿ ಬೆಳೆಯುವ ನಿತ್ಯಹಸಿರು ಓಕ್. ಅದರ ಸೌದೆ ಉರಿದು ಕೆಂಡವಾದ ಮೇಲೆ ಕಬ್ಬಿಣದ ಜಾಲರಿಯನ್ನು ಚಕ್ರ ತಿರುಗಿಸಿ ಇಳಿಸುತ್ತಾರೆ, ಏರಿಸುತ್ತಾರೆ. ಒಲೆಗೆ ಮುಚ್ಚಳವಿಲ್ಲ. ಟೆಕ್ಸಾಸಿನಲ್ಲಿ ಮಾಂಸವನ್ನು ಮುಚ್ಚಿದ ಗೂಡಿನೊಳಗೆ ಹೊಗೆಗೊಡ್ಡಿ ತಾಸುಗಟ್ಟಲೆ ಬೇಯಿಸುತ್ತಾರೆ. ಇಲ್ಲಿ ಕೆಂಡಕ್ಕೂ ಮಾಂಸಕ್ಕೂ ನಡುವಿನ ಅಂತರವೇ ಅಡುಗೆಯವನ ಕೈಚಳಕ. ಜಿನುಗಿದ ಕೊಬ್ಬು ಕೆಂಡದ ಮೇಲೆ ಬಿದ್ದು ಆವಿಯಾಗಿ ಮತ್ತೆ ಮಾಂಸಕ್ಕೇ ಹತ್ತುತ್ತದೆ. ಮಸಾಲೆಯೆಂದರೆ ಉಪ್ಪು, ಕಾಳುಮೆಣಸು, ಬೆಳ್ಳುಳ್ಳಿ ಪುಡಿ, ಅಷ್ಟೆ. ಕೊಬ್ಬು ಕಡಿಮೆಯಿರುವ ಸರ್ಲಾಯಿನ್ ಒಂದಿಷ್ಟು ಹೆಚ್ಚು ಬೆಂದರೂ ಒಣಗಿಹೋಗುವ ಮಾಂಸ. ಅದನ್ನು ರಸ ಬತ್ತದಂತೆ ಇಳಿಸುವುದಕ್ಕೆ ಬೇಕಾದದ್ದು ದುಡ್ಡಿಗಿಂತ ಅಭ್ಯಾಸ. ಸಾಧಾರಣ ಮಾಂಸವನ್ನು ಬಹಳ ಜನಕ್ಕೆ ಚೆನ್ನಾಗಿ ಸುಡುವ ಈ ವಿದ್ಯೆ ಕೂಡ ಔತಣದಿಂದಲೇ ಬಂದದ್ದು.

ಇದೆಲ್ಲ ಹಳೆಯದರ ಮೇಲಿನ ಮೋಹ ಎಂದು ಕೆಲವರು ಹೇಳಿಯಾರು. ಬದಲಾಗದ ಹೋಟೆಲು ಸೋಮಾರಿ ಹೋಟೆಲು ಎಂಬ ಅವರ ಗುಮಾನಿ ಅನೇಕ ಕಡೆ ನಿಜವೂ ಹೌದು. ಆದರೆ ಈ ಕಣಿವೆ ಬದಲಾಗಿಲ್ಲ ಎಂದವರಾರು? ಇಂದು ಸಾಂತಾ ಮರಿಯಾದ ಹೆಸರು ಹೇಳಿದರೆ ನೆನಪಾಗುವ ಟ್ರೈ-ಟಿಪ್ ಎಂಬ ಮುಮ್ಮೂಲೆಯ ತುಂಡು ಕೆಂಡದ ಮೇಲೇರಿದ್ದು 1950ರ ದಶಕದಲ್ಲಿ. ಅದಕ್ಕೆ ಮುಂಚೆ ಅದು ಕೊಚ್ಚಿದ ಮಾಂಸದ ಪಾಲಾಗುತ್ತಿತ್ತು. ಬೆಂಕಿ ಹಾಗೇ ಉಳಿಯಿತು, ತುಂಡು ಬದಲಾಯಿತು. ಪರಂಪರೆ ಬೆಳೆಯುವ ರೀತಿಯೂ ಅದೇ ತಾನೆ?

ಇನ್ನೊಂದು ಆಕ್ಷೇಪಣೆಗೆ ತೂಕ ಹೆಚ್ಚು. ಒಸ್ಟೀನಿ ಕುಟುಂಬ 1986ರಲ್ಲಿ ಬ್ಯೂಲ್ಟನ್‌ನಲ್ಲಿ ತೆರೆದ ಎರಡನೇ ಹಿಚಿಂಗ್ ಪೋಸ್ಟ್ 2004ರ ‘ಸೈಡ್‌ವೇಸ್’ ಸಿನಿಮಾದಲ್ಲಿ ಕಾಣಿಸಿಕೊಂಡಿತು. ಆಮೇಲೆ ಅಲ್ಲಿಗೆ ದ್ರಾಕ್ಷಾರಸದ ಪ್ರವಾಸಿಗರು ದಂಡಾಗಿ ಬಂದರು. ಊರಿನವರಿಲ್ಲದ ಔತಣ ಔತಣ ಹೇಗಾದೀತು? ಪ್ರಸಿದ್ಧಿಯಿಂದ ಇಂಥ ಜಾಗಗಳಿಗೆ ನಷ್ಟವಾಗುತ್ತದೆ ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಮುದ್ರೆ ಹಾಕುವ ದಿನದ ಊಟಕ್ಕೂ ದಾರಿಹೋಕರು ಬರುತ್ತಿದ್ದಿರಬೇಕು. ಬಂದವರಿಗಾಗಿ ಸೌದೆ ಬಿಟ್ಟು ಗ್ಯಾಸು ಹಚ್ಚಿದ್ದರೆ ನನ್ನ ವಾದ ಅಲ್ಲಿಗೇ ಬಿದ್ದುಹೋಗುತ್ತಿತ್ತು. ಅಲ್ಲಿ ಇವತ್ತಿಗೂ ಓಕ್ ಸೌದೆಯೇ ಉರಿಯುತ್ತದೆ.

ಸ್ಯಾನ್ ಹೋಸೆಯಿಂದ ಲಾಸ್ ಏಂಜಲಿಸಿಗೆ 101ನೇ ಹೆದ್ದಾರಿ ಹಿಡಿದು ಹೋಗುವ ಕನ್ನಡದ ಕುಟುಂಬಗಳಿಗೆ ನಿಪೊಮೊ, ಸಾಂತಾ ಮರಿಯಾ, ಬ್ಯೂಲ್ಟನ್ ದಾರಿಯಲ್ಲೇ ಸಿಗುತ್ತವೆ. ಮಾಂಸ ತಿನ್ನುವವರು ‘ಮೀಡಿಯಮ್ ರೇರ್’ ಎಂದು ಹೇಳಿ. ಅದಕ್ಕಿಂತ ಹೆಚ್ಚು ಬೇಯಿಸಿಕೊಂಡರೆ ಆ ಬೆಂಕಿಗೆ ಅನ್ಯಾಯ. ದನದ ಮಾಂಸ ಒಲ್ಲದವರಿಗೆ ಕೋಳಿ, ಮೀನು ಇವೆ. ಸಸ್ಯಾಹಾರಿಗಳು ಬ್ಯೂಲ್ಟನ್‌ನಲ್ಲಿ ಅದೇ ಕೆಂಡದ ಮೇಲೆ ಸುಟ್ಟ ಆರ್ಟಿಚೋಕ್ ಕೇಳಬಹುದು. ಪಿಂಕಿಟೊ ಕಾಳನ್ನು ಮಾತ್ರ ಸಾಮಾನ್ಯವಾಗಿ ಹಂದಿಮಾಂಸದ ಚೂರು ಹಾಕಿಯೇ ಬೇಯಿಸುತ್ತಾರೆ, ವಿಚಾರಿಸದೆ ತಟ್ಟೆಗೆ ಬಡಿಸಿಕೊಳ್ಳಬೇಡಿ.