ಅಚ್ಚಿನ ಮನೆಗೆ ಸೇರದ ಮಾತು

ಸುಳ್ಯದಿಂದ ಮಡಿಕೇರಿಗೆ ಹೋಗುವ ಹಾದಿಯಲ್ಲಿ, ಸಂಪಾಜೆಗೆ ಮುನ್ನ, ಕಲ್ಲುಗುಂಡಿ ಎಂಬ ಸಣ್ಣ ಪೇಟೆಯುಂಟು. ಅಲ್ಲಿಯ ನಿವೃತ್ತ ಅಧ್ಯಾಪಕರೊಬ್ಬರು ಮೊನ್ನೆ ನನಗೊಂದು ಹಳೆಯ ಶಾಲಾ ನಾಟಕದ ಪ್ರತಿಯನ್ನು ತೋರಿಸಿದರು. ಕಾಗದ ಹಳದಿಗಟ್ಟಿತ್ತು; ದುಂಡಕ್ಷರಗಳ ಹೊಟ್ಟೆಯಲ್ಲಿ ಮಸಿ ತುಂಬಿತ್ತು. ಎಲ್ಲಿ ಅಚ್ಚಾಯಿತೆಂದು ಕೇಳಿದೆ. “ಅಚ್ಚಾದ್ದಲ್ಲ ಮಾರಾಯ್ರೆ, ಸೈಕ್ಲೋಸ್ಟೈಲ್ ಮಾಡಿಸಿದ್ದು” ಎಂದರು. ಗ್ರಂಥಾಲಯವೊಂದಕ್ಕೆ ಕೊಡಹೋದಾಗ ಅವರೂ ಅದನ್ನೇ ಹೇಳಿ ಹಿಂದಿರುಗಿಸಿದರಂತೆ.

ಒಂದೇ ಬರಹದ ನೂರು ಪ್ರತಿಗಳು ಹೊರಬಿದ್ದ ಮೇಲೂ ಅದು ಅಚ್ಚಲ್ಲವೆಂದರೆ ಹೇಗೆ? ದೋಷವಿರುವುದು ನಮ್ಮ ಮಾತಿನಲ್ಲಿ. ಮಂಗಳೂರಿನ ಬಾಸೆಲ್ ಮಿಶನ್ನಿನವರು 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಕಲ್ಲಿನ ಮೇಲಿಂದ ಮುದ್ರಿಸಿದರು, ಆ ಕೆಲಸಕ್ಕೆ ಕನ್ನಡದಲ್ಲಿ ಕಲ್ಲಚ್ಚು ಎಂದು ಹೆಸರು. ಟೈಪ್‌ರೈಟರಿನ ಕೆಲಸ ಬೆರಳಚ್ಚಾಯಿತು. ಜೆರಾಕ್ಸ್‌ಗೆ ನೆರಳಚ್ಚು ಎಂದರು. ಜನ ಒಪ್ಪದಿದ್ದರೂ ನಕಲು ತೆಗೆಸಿದಂತೆ ಜೆರಾಕ್ಸನ್ನೂ ‘ತೆಗೆಸಿ’ ಕನ್ನಡದ ನಡೆಗೆ ತಂದರು. ನಡುವೆ ಬಂದ ಸೈಕ್ಲೋಸ್ಟೈಲ್ ಮಾತ್ರ ಅಚ್ಚಿನ ಮನೆಯ ಜಗಲಿಯಲ್ಲೇ ನಿಂತಿತು. ಮೇಣಗಾಗದವನ್ನು ಕೊರೆದು, ಆ ಸೀಳುಗಳ ಮೂಲಕ ಮಸಿಯಿಳಿಸುವ ಉಪಾಯವದು. ಕೊರೆಯಚ್ಚು ಎಂದರೆ ಯಾರಿಗೆ ತಿಳಿಯದು? ಆದರೂ ಆ ಮಾತು ಬಾಯಿಗೆ ಹತ್ತಲಿಲ್ಲ. ಕಚೇರಿಗಳಲ್ಲಿ ಇದನ್ನೂ ಕಲ್ಲಚ್ಚೆಂದವರುಂಟು; ಕಲ್ಲೆಲ್ಲಿದೆಯೋ ಅವರೇ ಹೇಳಬೇಕು!

ಪರಭಾಷೆಯ ಶಬ್ದ ಬೇಡವೆಂಬ ಮಡಿವಂತಿಕೆ ನನ್ನದಲ್ಲ. ಗೆಸ್ಟೆಟ್ನರ್ ಎಂಬಾತ ಲಂಡನ್ನಿನಲ್ಲಿ 1881ರಲ್ಲಿ ಹಕ್ಕುಪತ್ರ ಪಡೆದ, ತುದಿಯಲ್ಲಿ ಪುಟ್ಟ ಹಲ್ಲುಗಾಲಿಯಿದ್ದ ಲೇಖನಿಯ ಹೆಸರು ನಮ್ಮಲ್ಲಿ ಯಂತ್ರದ ಹೆಸರಾಯಿತು. ವಿಯೆಟ್ನಾಮಿನವರೂ ಸಾಲಗಾರರೇ. ‘ರೋಟರಿ ನಿಯೋಸ್ಟೈಲ್’ ಎಂಬುದನ್ನು ಮೊಟಕಿಸಿ ರೋನಿಯೋ ಎಂಬ ವ್ಯಾಪಾರದ ಹೆಸರು ಹುಟ್ಟಿತು. ಫ್ರೆಂಚರ ಬಾಯಿಂದ ಅದನ್ನು ಪಡೆದು ಅವರು ‘ರೊ-ನೆ-ಒ’ ಎಂದು ಮೂರು ತುಂಡಾಗಿ ಬರೆದುಕೊಂಡರು. ಆದರೆ ಅದರ ಮುಂದೆ ತಮ್ಮದೇ ಕ್ರಿಯಾಪದವನ್ನಿಟ್ಟರು: ‘ಕ್ವಯ್ ರೊ-ನೆ-ಒ’. ಕ್ವಯ್ ಎಂದರೆ ತಿರುಗಿಸು. ಹಿಡಿಕೆ ಹಿಡಿದ ಕೈ, ಉರುಳುವ ಉರುಳೆ, ಒಂದೊಂದಾಗಿ ಬೀಳುವ ಹಾಳೆ, ಎಲ್ಲವೂ ಆ ಒಂದು ಮಾತಿನಲ್ಲಿವೆ. ನಾಮಪದವನ್ನು ಕಡ ತರಬಹುದು. ಕ್ರಿಯಾಪದ ಮನೆಯದೇ ಆಗಬೇಕು. ನಾವು ಹಚ್ಚಿದ ‘ಮಾಡು’, ‘ಮಾಡಿಸು’ಗಳೂ ಮನೆಯವೇ ಸರಿ, ಆದರೆ ಯಾವ ಕೆಲಸಕ್ಕೂ ಒಗ್ಗುವ ಅವು ಯಾವ ಕೆಲಸವನ್ನೂ ತೋರಿಸವು. ಬೀಸುವುದಕ್ಕೆ, ಕಡೆಯುವುದಕ್ಕೆ, ನೂಲುವುದಕ್ಕೆ ಬೇರೆಬೇರೆ ಮಾತುಳ್ಳ ಭಾಷೆಗೆ ಇದೆಂಥ ಬಡತನ?

ಅಚ್ಚೆಂದು ಕರೆಯದ್ದನ್ನು ಅಚ್ಚಿನ ಸಾಲಿನಲ್ಲಿ ಇಡುವವರೂ ಕಡಮೆ. ಊರ ನಾಟಕ, ಸಂಘದ ಪತ್ರಿಕೆ, ಶಾಲೆಯ ಸಂಚಿಕೆ ಹೀಗೆ ಎಷ್ಟು ಬರಹ ರದ್ದಿಗೆ ಹೋಯಿತೋ!

ಹೊರಡುವ ಮುನ್ನ ಅಧ್ಯಾಪಕರನ್ನು ಕೇಳಿದೆ: “ಮಾಡಿಸಿದ್ದು ಎಂದಿರಲ್ಲ, ಹಿಡಿಕೆ ತಿರುಗಿಸಿದವರು ಯಾರು?”

“ನಾನೇ. ಎರಡು ರಾತ್ರಿ” ಎಂದು ಅವರು ಪ್ರತಿಯನ್ನು ಮಡಚಿ ಪೆಟ್ಟಿಗೆಯಲ್ಲಿಟ್ಟರು.