ಮೂರು ಸೊನ್ನೆಯ ಕುಂಚ ಬೇಡ

ಮಿನಿಯೇಚರ್ ಚಿತ್ರ ಕಲಿಯಲು ಹೊರಟವರು ಅಂಗಡಿಯಲ್ಲಿ ಮೊದಲು ಕೈಹಾಕುವುದು ಮೂರು ಸೊನ್ನೆಯ ಕುಂಚಕ್ಕೆ. ಕೂದಲೆಳೆಯಂಥ ಗೆರೆಗೆ ಕೂದಲೆಳೆಯಂಥ ಕುಂಚವೇ ಬೇಕೆಂಬ ಲೆಕ್ಕ. ಆದರೆ ಗೆರೆ ಎಳೆಯುವುದು ಮೊನೆ. ಆ ಮೊನೆಗೆ ಬಣ್ಣ ಉಣಿಸುವುದು ಕುಂಚದ ಹೊಟ್ಟೆ. ಮೂರು ಸೊನ್ನೆಯದಕ್ಕೆ ಹೊಟ್ಟೆಯೇ ಇಲ್ಲ. ಬೇಸಿಗೆಯಲ್ಲಂತೂ ಅದ್ದಿದ ಬಣ್ಣ ಕಾಗದ ಮುಟ್ಟುವಷ್ಟರಲ್ಲಿ ಒಣಗಿ, ಹುಬ್ಬಿನ ಗೆರೆ ಅರ್ಧಕ್ಕೇ ತುಂಡಾಗುತ್ತದೆ. ಒಂದನೇ ಅಥವಾ ಎರಡನೇ ನಂಬರಿನ ಒಳ್ಳೆಯ ಕುಂಚ ಅಷ್ಟೇ ತೆಳುವಾದ ಗೆರೆಯನ್ನು ಒಂದೇ ಉಸಿರಿನಲ್ಲಿ ಎಳೆದು ಮುಗಿಸುತ್ತದೆ.

ರಾಜಸ್ಥಾನದ ಚಿತ್ರಕಾರರು ಇದನ್ನು ಎಂದೋ ಬಲ್ಲರು. ಅವರ ‘ಏಕ್ ಬಾಲ್’ ಕುಂಚದಲ್ಲಿರುವುದು ಒಂಟಿ ಕೂದಲಲ್ಲ. ಅಳಿಲಿನ ಬಾಲದ ಕೂದಲಿನ ಪುಟ್ಟ ಕಟ್ಟು ಅದು. ತುದಿಯಲ್ಲಿ ಮಾತ್ರ ಒಂದು ಎಳೆ ಮುಂದಕ್ಕೆ ಚಾಚಿರುತ್ತದೆ. ಕಟ್ಟನ್ನು ಹಕ್ಕಿಗರಿಯ ಟೊಳ್ಳು ದಂಟಿಗೆ ತೂರಿಸಿ ಹಿಡಿ ಕೂಡಿಸುತ್ತಾರೆ. ಎಲ್ಲಿಯೂ ತುದಿಗೆ ಕತ್ತರಿ ತಾಗಿಸುವುದಿಲ್ಲ, ಏಕೆಂದರೆ ಕೂದಲಿಗೆ ಹುಟ್ಟಿನಿಂದ ಬಂದ ಚೂಪೇ ಕುಂಚದ ಮೊನೆ. ಜಹಾಂಗೀರನ ಆಸ್ಥಾನದ ಅಬುಲ್ ಹಸನ್‌ನದೆಂದು ಗುರುತಿಸುವ, ಚಿನಾರ್ ಮರದ ಅಳಿಲುಗಳ ಚಿತ್ರ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಅದರ ಅಚ್ಚು ಪ್ರತಿ ಸಿಕ್ಕರೂ ಸಾಕು, ಆ ಬಾಲಗಳ ತುಪ್ಪಳವನ್ನು ಭೂತಗನ್ನಡಿ ಹಿಡಿದು ನೋಡಿ.

ಅಂಗಡಿಯಲ್ಲಿ ಸಿಗುವವುಗಳಲ್ಲಿ ನನ್ನ ಮೆಚ್ಚುಗೆ ಕೊಲಿನ್‌ಸ್ಕಿ ಸೇಬಲ್‌ಗೆ. ಸೈಬೀರಿಯಾ ಕಡೆಯ ವೀಸಲ್ ಎಂಬ ಪ್ರಾಣಿಯ ಬಾಲದ ಕೂದಲಿನಿಂದ ಮಾಡುವ ಕುಂಚವಿದು. ವಿನ್ಸರ್ ಅಂಡ್ ನ್ಯೂಟನ್ ಕಂಪನಿ 1866ರಲ್ಲಿ ವಿಕ್ಟೋರಿಯಾ ರಾಣಿಗಾಗಿ ಮಾಡಿದ ‘ಸೀರೀಸ್ 7’ ಇಂದಿಗೂ ಈ ಜಾತಿಯ ಕುಂಚಗಳಿಗೆ ಅಳತೆಗೋಲು. ದುಬಾರಿ, ನಿಜ. ಸಿಂಥೆಟಿಕ್ ಅಗ್ಗ, ಅಭ್ಯಾಸಕ್ಕೆ ಸಾಕು. ಕೆಲವೇ ತಿಂಗಳಲ್ಲಿ ಅದರ ಮೊನೆ ಕೊಕ್ಕೆಯಂತೆ ಬಾಗುತ್ತದೆ. ಮುಂಗುಸಿ ಕೂದಲಿನದು ಮಾತ್ರ ಎಷ್ಟು ಚೆನ್ನಾಗಿದ್ದರೂ ಮುಟ್ಟಬೇಡಿ. ಮುಂಗುಸಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿರುವ ಪ್ರಾಣಿ, ಅದರ ಕುಂಚದ ವ್ಯಾಪಾರ ಅಪರಾಧ.

ಹೊಸ ಕುಂಚದ ಮೊನೆ ನೋಡಿ ಮರುಳಾಗಬಾರದು. ಅದನ್ನು ಹಿಡಿದಿರುವುದು ಕಾರ್ಖಾನೆಯವರು ಸವರಿದ ಅಂಟು. ಅಂಗಡಿಯವರನ್ನು ಒಂದು ಲೋಟ ನೀರು ಕೇಳಿ. ಕುಂಚವನ್ನು ಅದರಲ್ಲಾಡಿಸಿ ಅಂಟು ಬಿಡಿಸಿ, ಒಮ್ಮೆ ಝಾಡಿಸಿ. ಕೂದಲೆಲ್ಲ ತಾವಾಗಿ ಒಂದೇ ಮೊನೆಗೆ ಬಂದರೆ ಕೊಳ್ಳಿ. ಎರಡು ಕವಲಾದರೆ ಹಿಂದಿರುಗಿಸಿ. ನೀರು ಕೊಡಲೊಪ್ಪದ ಅಂಗಡಿಯಲ್ಲಿ ನಾನು ದುಬಾರಿ ಕುಂಚ ಕೊಳ್ಳುವುದಿಲ್ಲ.

ಕುಂಚ ಕೆಡುವುದು ಮೊನೆಯಿಂದಲ್ಲ, ಬುಡದಿಂದ. ಕೂದಲನ್ನು ಕಚ್ಚಿ ಹಿಡಿದ ಲೋಹದ ಕೊಳವೆಯೊಳಗೆ ಬಣ್ಣ ಸೇರಿ ಗಟ್ಟಿಯಾದರೆ ಬುಡ ಅಗಲವಾಗಿ ಮೊನೆ ಬಾಯಿಬಿಡುತ್ತದೆ. ಆದ್ದರಿಂದ ಕೂದಲಿನ ಅರ್ಧಕ್ಕಿಂತ ಮೇಲೆ ಬಣ್ಣ ಏರಗೊಡಬೇಡಿ. ಕೆಲಸ ಮುಗಿದ ಕೂಡಲೇ ತಣ್ಣೀರು, ಮೆದು ಸೋಪು. ಬಿಸಿನೀರು ಕೊಳವೆಯೊಳಗಿನ ಅಂಟನ್ನೇ ಸಡಿಲಿಸುತ್ತದೆ. ಅಂಗೈಯಲ್ಲಿ ನೊರೆ ಬಿಳಿಯಾಗುವವರೆಗೆ ತೊಳೆದು, ಬೆರಳಿನಿಂದ ಮೊನೆ ತೀಡಿ, ಮಲಗಿಸಿ ಒಣಗಿಸಿ. ನೀರಿನ ಲೋಟದಲ್ಲಿ ತಲೆಕೆಳಗಾಗಿ ನಿಲ್ಲಿಸಿ ಹೋದರೆ ಒಂದೇ ರಾತ್ರಿಯಲ್ಲಿ ಮೊನೆ ಮಡಿಚಿಕೊಳ್ಳುತ್ತದೆ. ಮಳೆಗಾಲದಲ್ಲಿ ತೇವ ಆರದ ಕುಂಚವನ್ನು ಡಬ್ಬಿಯಲ್ಲಿ ಮುಚ್ಚಿಟ್ಟರೆ ಬೂಷ್ಟು ಖಚಿತ. ಬಹುಕಾಲ ಬಳಸದವಕ್ಕೆ ನುಸಿ ಹಿಡಿಯುತ್ತದೆ, ಡಬ್ಬಿಗೊಂದು ಕರ್ಪೂರದ ಬಿಲ್ಲೆ ಹಾಕಿಡಿ.

ಕಲ್ಲಿನ ಪುಡಿಯಿಂದ ಮಾಡಿದ ಬಣ್ಣಗಳು ಮೊನೆಯನ್ನು ಬೇಗ ಸವೆಸುತ್ತವೆ. ಅವನ್ನು ಗೋಂದಿನ ನೀರಿನಲ್ಲಿ ಕಲಸುವ ಕೆಲಸಕ್ಕೆ ಹಳೆಯ, ಮೊಂಡು ಕುಂಚವೊಂದನ್ನು ಬೇರೆಯೇ ಇಟ್ಟುಕೊಳ್ಳಿ.